ಆದವಾನಿಯ ಕೋಟೆಯೂ ಕಾರೋ–ಕಾನ್ ರಕ್ಷಣೆಯೂ

ಗುಂತಕಲ್ಲಿನ ದಾರಿಯಾಗಿ ಮಂತ್ರಾಲಯಕ್ಕೆ ಹೋಗಿಬಂದ ನಮ್ಮ ಕಡೆಯ ಯಾತ್ರಿಕರಿಗೆ ಆದವಾನಿಯ ಬಂಡೆಗಲ್ಲಿನ ಬೆಟ್ಟಗಳು ನೆನಪಿರಬಹುದು. ಬಳ್ಳಾರಿ ಜಿಲ್ಲೆಗೆ ಸೇರಿದ್ದ ಆದವಾನಿ, ಆಲೂರು ತಾಲೂಕುಗಳು 1953ರ ಅಕ್ಟೋಬರ್ 1ರಂದು ಆಂಧ್ರದ ಪಾಲಾಗಿ ಕರ್ನೂಲು ಜಿಲ್ಲೆಯೊಳಗೆ ಸೇರಿಹೋದವು. ಮೂರು ವರ್ಷಗಳ ಬಳಿಕ ಕಾಸರಗೋಡಿಗೆ ಏನಾಯಿತೆಂಬುದನ್ನು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಆ ಸೀಮೆಯಲ್ಲಿ ಇಂದಿಗೂ ಮನೆಯಲ್ಲಿ ಕನ್ನಡವಾಡುವ ಕುಟುಂಬಗಳಿವೆ. ಆದರೆ ಇಂದು ನಾವು ಆದವಾನಿಯನ್ನು ನೆನೆದದ್ದು ಗಡಿಯ ಮಾತಿಗಲ್ಲ, ಚದುರಂಗದ ಮಾತಿಗೆ.

ಶಾಲಾ ಪಂದ್ಯಾಟಗಳಲ್ಲಿ ಬಿಳಿಯ ಕಾಯಿ ಸಿಕ್ಕಿದ ಮಗು ಹುರುಪಿನಿಂದ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸುತ್ತದೆ; ಅದು ಇ4. ಎದುರಾಳಿ ಮಂತ್ರಿಯ ಬದಿಯ ಒಂಟೆಯ ಕಾಲಾಳನ್ನು ಒಂದೇ ಮನೆ ಮುಂದಿಟ್ಟು ಸುಮ್ಮನಾಗುತ್ತಾನೆ, ಅದು ಸಿ6. ಕಾಲಾಳಿಗೆ ಒಂದೇ ಮನೆಯ ಓಟವಿದ್ದ ಅಜ್ಜಂದಿರ ಕಾಲದ ಆಟದಂತೆ ಕಾಣುವ ಈ ನಡೆ ನೋಡಲು ಬಡಪಾಯಿ. ಬಿಳಿ ಡಿ4 ನಡೆಸಿದಾಗ ಕಪ್ಪು ಡಿ5 ಎಂದು ಎದ್ದುನಿಲ್ಲುತ್ತದೆ, ಅದರ ಬೆನ್ನಿಗೆ ಆ ಸಿ6 ಕಾಲಾಳು. ಅಲ್ಲಿಗೆ ಕೋಟೆ ಕಟ್ಟಿದಂತಾಯಿತು. ಬರ್ಲಿನ್ನಿನಲ್ಲಿದ್ದ ಹೊರೇಷಿಯೊ ಕಾರೋ, ವಿಯೆನ್ನಾದ ಮಾರ್ಕಸ್ ಕಾನ್ ಎಂಬಿಬ್ಬರ ಹೆಸರಿನಿಂದ ಇದು ಕಾರೋ–ಕಾನ್ ರಕ್ಷಣೆ.

ಇಂಥ ಗಟ್ಟಿ ರಕ್ಷಣೆಯ ಎದುರು ಬಿಳಿ ಏನು ಮಾಡಬೇಕು? ಆದವಾನಿಯ ಕಥೆಯನ್ನು ಇಲ್ಲಿ ಕೇಳಬೇಕು. 1786ರಲ್ಲಿ ಟಿಪ್ಪು ಸುಲ್ತಾನ ಆ ಕೋಟೆಗೆ ಮುತ್ತಿಗೆ ಹಾಕಿದ. ಒಳಗಿದ್ದವರು ನಿಜಾಮನ ಬಂಧುಗಳು. ಗೋಡೆ ಹತ್ತಿ ನುಗ್ಗುವ ಪ್ರಯತ್ನಗಳು ವಿಫಲವಾದವು. ಅಷ್ಟರಲ್ಲಿ ನಿಜಾಮನ ಮತ್ತು ಮರಾಠರ ಸೈನ್ಯವೂ ನೆರವಿಗೆ ಬಂತು. ಕೋಟೆ ಉಳಿಯಿತೆಂದೇ ಯಾರಾದರೂ ತಿಳಿಯಬೇಕು. ಆದರೆ ಮಳೆಗಾಲ ತಲೆಯ ಮೇಲಿತ್ತು, ಬೆನ್ನ ಹಿಂದೆ ತುಂಗಭದ್ರೆ. ಹೊಳೆ ತುಂಬಿದರೆ ಒಳಗೆ ಬರುವ ದಾರಿಯೂ ಇಲ್ಲ, ಹೊರಗೆ ಹೋಗುವ ದಾರಿಯೂ ಇಲ್ಲ. ಕಾಯುತ್ತಿದ್ದವರೇ ಕೋಟೆಯನ್ನು ಬರಿದು ಮಾಡಿ ಹೊಳೆ ದಾಟಿದರು. ಟಿಪ್ಪು ಒಳಹೊಕ್ಕು ಗೋಡೆಗಳನ್ನು ಕೆಡವಿಸಿದ. ಏಣಿ ಮಾಡಲಾರದ್ದನ್ನು ದಾರಿಯ ಇಕ್ಕಟ್ಟು ಮಾಡಿತು.

ಕಾರೋ–ಕಾನಿನ ಎದುರು ಬಿಳಿಗೆ ಮೂರನೆಯ ನಡೆಯಲ್ಲಿ ಆಯ್ಕೆ ಒದಗುತ್ತದೆ. ಕುದುರೆಯನ್ನು ಸಿ3ಕ್ಕೆ ತಂದು ಇ4 ಕಾಲಾಳನ್ನು ಕಾಯುವುದು ಹಿರಿಯರು ಒಪ್ಪಿದ ರಾಜಮಾರ್ಗ. ಅದರ ಕಷ್ಟವೇನೆಂಬುದನ್ನು 2013ರ ನವೆಂಬರದಲ್ಲಿ ಚೆನ್ನೈ ತೋರಿಸಿತು. ವಿಶ್ವನಾಥನ್ ಆನಂದರು ತವರಿನಲ್ಲಿ ವಿಶ್ವ ಪಟ್ಟವನ್ನು ಪಣಕ್ಕಿಟ್ಟು ಮ್ಯಾಗ್ನಸ್ ಕಾರ್ಲ್ಸನ್ನರೊಡನೆ ಆಡುತ್ತಿದ್ದರು. ಎರಡನೆಯ ಆಟದಲ್ಲಿ ಆನಂದರಿಗೆ ಮೊದಲ ಬಾರಿ ಬಿಳಿ. ಎದುರು ಬಂದದ್ದು ಸಿ6. ಆನಂದರು ರಾಜಮಾರ್ಗವನ್ನೇ ಹಿಡಿದು ರಾಜನನ್ನು ಮಂತ್ರಿಯ ಬದಿಗೆ ಭದ್ರಪಡಿಸಿದರು, ಕಾರ್ಲ್ಸನ್ ತಮ್ಮ ರಾಜನನ್ನು ಆಚೆಯ ಬದಿಗೆ. ಎದುರುಬದುರು ದಾಳಿಗೆ ಹದವಾದ ಭೂಮಿ. ಹದಿನೇಳನೆಯ ನಡೆಯಲ್ಲಿ ಕಪ್ಪು ಮಂತ್ರಿ ಡಿ5ಕ್ಕೆ ಬಂದು ವಿನಿಮಯಕ್ಕೆ ನಿಂತಿತು. ತಮ್ಮ ಮಂತ್ರಿಯನ್ನು ಜಿ4ಕ್ಕೆ ಸರಿಸಿ ಕದನವನ್ನು ಉಳಿಸಿಕೊಳ್ಳಬಹುದಾಗಿತ್ತು. ಆನಂದರು ಮಂತ್ರಿಗಳನ್ನು ಬದಲಿಸಿಕೊಂಡರು. 25ನೆಯ ನಡೆಗೆ ನಡೆಗಳ ಪುನರಾವೃತ್ತಿಯಿಂದ ಆಟ ಸಮವಾಯಿತು.

ಅದರಲ್ಲಿ ತಪ್ಪೇನಿಲ್ಲ, ಸೋಲೂ ಇಲ್ಲ. ಆದರೆ ಬಿಳಿಯ ಒಂದು ಸರದಿ ಕಳೆದುಹೋಯಿತು, ಎದುರಾಳಿಗೆ ಒಂದು ದಿನದ ವಿಶ್ರಾಂತಿ ದೊರೆಯಿತು. ಮುಂದೆ ಐದು, ಆರು, ಒಂಬತ್ತನೆಯ ಆಟಗಳನ್ನು ಸೋತು ಆರೂವರೆ–ಮೂರೂವರೆಯಲ್ಲಿ ಪಟ್ಟ ಕೈತಪ್ಪಿತು. ಪಟ್ಟ ಹೋದದ್ದು ಆ ಮಂತ್ರಿಯ ವಿನಿಮಯದಿಂದ ಎಂದರೆ ಅತಿಶಯೋಕ್ತಿಯಾದೀತು. ಆದರೂ ದಾಳಿಗೆಂದು ತೆರೆದ ದಾರಿಯಲ್ಲಿ ದಾಳಿ ಮಾಡುವ ಮನಸ್ಸಿಲ್ಲದಿದ್ದರೆ ಆ ದಾರಿಯನ್ನು ಹಿಡಿಯುವುದೇಕೆ ಎಂಬ ಪ್ರಶ್ನೆ ನಮ್ಮಲ್ಲಿ ಉಳಿದಿದೆ.

ಎರಡನೆಯದು ಡಿ5ರಲ್ಲಿ ಕಾಲಾಳುಗಳ ವಿನಿಮಯ. ಇದು ಸಪ್ಪೆಯೆಂದು ಹೇಳುವವರಿದ್ದಾರೆ. 1970ರಲ್ಲಿ ಬೆಲ್‌ಗ್ರೇಡಿನಲ್ಲಿ ಬಾಬಿ ಫಿಷರ್ ಇದನ್ನೇ ಆಡಿ, ಒಂಟೆಯನ್ನು ಡಿ3ಕ್ಕೆ ತಂದು, ಸೋಲಿಸಲು ಬಹು ಕಷ್ಟವೆಂದು ಹೆಸರಾದ ಪೆಟ್ರೋಸಿಯನ್ನರನ್ನು ಮಣಿಸಿದರು. ಸಪ್ಪೆಯಾಗುವುದು ನಡೆಯಲ್ಲ, ಆಡುವವನು. ವಿನಿಮಯದ ಬಳಿಕ ಸಿ4 ನಡೆಸುವ ಪಾನೋವ್ ದಾಳಿಯೂ ಇದೆ. ಕಾಯಿಗಳೆಲ್ಲ ಬೇಗ ಹೊರಬರುವುದರಿಂದ ಹೊಸಬರಿಗೆ ಅದು ಹಿತ.

ನಮ್ಮ ಒಲವು ಮಾತ್ರ ಮೂರನೆಯ ದಾರಿಗೆ: ಇ4 ಕಾಲಾಳನ್ನು ಇನ್ನೊಂದು ಮನೆ ಮುಂದೂಡಿ ಇ5ರಲ್ಲಿ ನಿಲ್ಲಿಸುವುದು. ಗೋಡೆಗೆ ಇಲ್ಲಿ ಏಣಿ ಹಚ್ಚುವುದಿಲ್ಲ, ಒಳಗಿನ ಜಾಗವನ್ನು ಇಕ್ಕಟ್ಟು ಮಾಡುತ್ತೇವೆ. ಕಪ್ಪು ಕುದುರೆಗೆ ಎಫ್6ರ ಸಹಜ ಮನೆ ತಪ್ಪಿತು. ಅದು ಇ7ರಿಂದ ಹೊರಡಬೇಕು, ಅಲ್ಲಿ ನಿಂತಷ್ಟು ಹೊತ್ತು ತನ್ನದೇ ಒಂಟೆಯ ದಾರಿಗೆ ಅಡ್ಡ. ಕಪ್ಪು ಬಿಡುಗಡೆಗಾಗಿ ಸಿ5 ಎಂದು ಬಡಿಯಬೇಕು. ಆದರೆ ಆಗಲೇ ಸಿ6ಕ್ಕೆ ಒಂದು ನಡೆ ಖರ್ಚಾಗಿದೆ, ಒಂದೇ ದಾರಿಗೆ ಎರಡು ಸಲ ಸುಂಕ ತೆತ್ತಂತೆ.

ಇಲ್ಲಿ ಎಡವುವವರು ಎಲ್ಲಿ ಎಡವುತ್ತಾರೆಂಬುದೂ ಗೊತ್ತಿರುವ ಸಂಗತಿ. ಇ5ರ ಬೆನ್ನಿಗೆ ಕಪ್ಪು ಒಂಟೆ ಎಫ್5ಕ್ಕೆ ಬರುತ್ತದೆ. ಬಿಳಿ ತನ್ನ ಒಂಟೆಯನ್ನು ಡಿ3ಕ್ಕೆ ತಂದು ಎದುರಿಡುತ್ತದೆ, ವಿನಿಮಯವಾಗುತ್ತದೆ, ಬಿಳಿ ಮಂತ್ರಿ ಹೊರಬಂದು ಚೆಂದ ಕಾಣುತ್ತದೆ. 1885ರಲ್ಲಿ ಹ್ಯಾಂಬರ್ಗಿನಲ್ಲಿ ಮೀಸೆಸ್ ಹೀಗೆ ಆಡಿ ಇದೇ ಮಾರ್ಕಸ್ ಕಾನಿಗೆ 24 ನಡೆಗಳಲ್ಲಿ ಸೋತರು. 1927ರಲ್ಲಿ ನ್ಯೂಯಾರ್ಕಿನಲ್ಲಿ ನಿಮ್ಝೋವಿಚ್ ಹೀಗೆಯೇ ಆಡಿ ಕಾಪಾಬ್ಲಾಂಕಾಗೆ ಸೋತರು. ಇಕ್ಕಟ್ಟಿನಲ್ಲಿರುವವನಿಗೆ ಕಾಯಿ ಕಡಿಮೆಯಾದಷ್ಟೂ ಉಸಿರಾಟ ಸುಲಭ. ಸಣ್ಣ ಮನೆಯಿಂದ ಇಬ್ಬರು ನೆಂಟರು ಹೊರಟಂತೆ. ಫಿಷರರ ಒಂಟೆಯೂ ಡಿ3ರಲ್ಲೇ ಇತ್ತಲ್ಲ ಎಂದು ಜಾಣ ಓದುಗರು ಕೇಳಬಹುದು. ಅಲ್ಲಿ ಕಪ್ಪು ಒಂಟೆ ಇನ್ನೂ ಮನೆಯಲ್ಲಿತ್ತು, ಅದು ಎಫ್5ಕ್ಕೆ ಬಾರದಂತೆ ಬಿಳಿ ಒಂಟೆ ಬಾಗಿಲು ಕಾಯುತ್ತಿತ್ತು. ಬಂದ ಮೇಲೆ ಬಾಗಿಲು ಕಾದು ಫಲವಿಲ್ಲ.

ಹಾಗಾದರೆ ನಾಲ್ಕನೆಯ ನಡೆ ಯಾವುದು? ಇಂಗ್ಲೆಂಡಿನ ನೈಜೆಲ್ ಶಾರ್ಟ್ ತೋರಿಸಿಕೊಟ್ಟ ಕ್ರಮ ನಮಗೆ ಮೆಚ್ಚುಗೆ: ಕುದುರೆ ಎಫ್3ಕ್ಕೆ, ಒಂಟೆ ಇ2ಕ್ಕೆ, ರಾಜ ಭದ್ರ. ಇನ್ನೊಂದು ಕುದುರೆ ಡಿ2ರಿಂದ ಬಿ3ಕ್ಕೆ ಬಂದರೆ ಸಿ5ರ ಮೇಲೆ ಕಾವಲು. ಬಾಯಿಪಾಠ ಮಾಡಬೇಕಾದ್ದು ಇದರಲ್ಲಿ ಬಹಳ ಕಡಿಮೆ. ವಾರಕ್ಕೆ ಎರಡು ಗಂಟೆ ಮಾತ್ರ ಮಣೆಯ ಮುಂದೆ ಕೂರುವ, ಉಳಿದ ಹೊತ್ತು ಪಾಠ ಪರೀಕ್ಷೆಗಳಲ್ಲಿ ಕಳೆಯುವ ಮಗುವಿಗೆ ಇದು ಸಣ್ಣ ಅನುಕೂಲವಲ್ಲ. ದಪ್ಪ ಪುಸ್ತಕ ಕೊಂಡ ತಂದೆತಾಯಿಗಳು ಇದನ್ನು ಗಮನಿಸಬೇಕು.

ಬಿಸಿರಕ್ತದ ಮಕ್ಕಳಿಗೆ ಬೇರೊಂದಿದೆ. 1961ರಲ್ಲಿ ಬೊಟ್ವಿನ್ನಿಕರ ಕಾರೋ–ಕಾನಿನ ಎದುರು ಮಿಖಾಯಿಲ್ ತಾಲ್ ಇ5ರ ದಾರಿ ಹಿಡಿದು, ನಾಲ್ಕನೆಯ ನಡೆಯಲ್ಲಿ ಎಚ್4 ಎಂದು ಮೂಲೆಯ ಕಾಲಾಳನ್ನು ಓಡಿಸಿದ್ದುಂಟು. ಆ ಪಂದ್ಯದಲ್ಲಿ ತಾಲ್ ಪಟ್ಟ ಕಳೆದುಕೊಂಡರು, ಅದು ಬೇರೆ ಮಾತು. ಆ ನಡೆ ಮಾತ್ರ ಇಂದಿಗೂ ಬಾಳಿದೆ. ಮಣೆಯ ಮೇಲೆ ಇಟ್ಟು ನೋಡಿ. ಕಪ್ಪು ಎಚ್ಚರವಿಲ್ಲದೆ ಇ6 ಆಡಿದರೆ ಬಿಳಿ ಜಿ4 ಎಂದು ಒಂಟೆಯನ್ನು ಗದರಿಸುತ್ತದೆ. ಒಂಟೆ ಇ4ಕ್ಕೆ ಹಾರಿದರೆ ಎಫ್3. ಜಿ6ಕ್ಕೆ ಹಿಂದಿರುಗಿದರೆ ಎಚ್5. ಹಿಂದೆ ಎಚ್7ರಲ್ಲಿ ತನ್ನದೇ ಕಾಲಾಳು, ಮುಂದೆ ಎಫ್5ರ ಮೇಲೆ ಬಿಳಿಯ ಕಣ್ಣು. ಒಂದು ಕಾಲಾಳಿನ ಬೆಲೆಗೆ ಒಂಟೆಯನ್ನು ಬಿಟ್ಟುಕೊಡದೆ ಗತ್ಯಂತರವಿಲ್ಲ.