ವಿಮಾನ ಚಾಲಕನ ಮೊದಲ ಸಂಬಳ

ವಿಮಾನ ಚಾಲಕನೆಂದರೆ ನಮ್ಮ ಕಣ್ಣ ಮುಂದೆ ಬರುವುದು ಬಿಳಿಯ ಅಂಗಿ, ಹೆಗಲ ಮೇಲಿನ ಹೊಂಬಣ್ಣದ ಪಟ್ಟಿ, ಕೈತುಂಬ ಸಂಬಳ. ಆ ಸಂಬಳ ಮೊದಲ ಬಾರಿಗೆ ಕೈಸೇರುವ ತನಕ ಮನೆಯವರು ಏನೇನು ಖರ್ಚು ಮಾಡಬೇಕು, ಎಷ್ಟು ಕಾಲ ಕಾಯಬೇಕು, ಎಲ್ಲಿ ಮೋಸಹೋಗಬಹುದು ಎಂಬುದನ್ನು ಹೇಳುವವರು ಕಡಿಮೆ. ಈ ಲೇಖನದಲ್ಲಿ ಆ ಲೆಕ್ಕವನ್ನೇ ನಿಮ್ಮ ಮುಂದಿಡುವ ಪ್ರಯತ್ನ ಮಾಡಿದೆ.

ಇದು ದೂರದ ಮಾತೆಂದು ಬದಿಗಿಡಬೇಡಿ. ೨೦೧೯ರ ನವೆಂಬರಿನಲ್ಲಿ ಕಲಬುರಗಿಯ ವಿಮಾನ ನಿಲ್ದಾಣ ತೆರೆಯಿತು. ೨೦೨೧ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರವು ದೇಶದ ಐದು ನಿಲ್ದಾಣಗಳಲ್ಲಿ ಹೊಸ ಹಾರಾಟ ಶಾಲೆಗಳಿಗೆ ಜಾಗ ಕೊಟ್ಟಾಗ ಅವುಗಳಲ್ಲಿ ಎರಡು, ಬೆಳಗಾವಿ ಮತ್ತು ಕಲಬುರಗಿ, ನಮ್ಮ ಭಾಗದವೇ ಆಗಿದ್ದವು. ಅದೇ ವರ್ಷ ವಿಜಯಪುರದ ಸಮೀಪ ಬುರಣಾಪುರದಲ್ಲಿ ನಿಲ್ದಾಣದ ಕಾಮಗಾರಿಗೆ ಅಡಿಗಲ್ಲು ಬಿತ್ತು. ಆದಿಲಶಾಹಿ ಕಾಲದ ದೊಡ್ಡ ಕೆರೆಗೆ ಹೆಸರಾದ ಮಮದಾಪುರದಂಥ ಊರಿನಲ್ಲಿ ಪಿ.ಯು.ಸಿ. ವಿಜ್ಞಾನ ಓದುತ್ತಿರುವ ಹುಡುಗಿಯೊಬ್ಬಳು “ಅಪ್ಪಾ, ನಾ ಪೈಲಟ್ ಆಗತೀನಿ” ಎಂದರೆ ಇಂದು ಯಾರೂ ನಗಲಾರರು. ಬೆಂಗಳೂರಿಗೆ ೨೦೨೧ರ ಜನವರಿಯಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಿಂದ ಎಲ್ಲಿಯೂ ಇಳಿಯದೆ ಬಂದ ವಿಮಾನದ ಚಾಲಕಿಯರೆಲ್ಲ ಮಹಿಳೆಯರೇ ಆಗಿದ್ದರು. ನಗಲಾರದ ಆ ತಂದೆ ಮುಂದೆ ಕೇಳುವ ಪ್ರಶ್ನೆ ಒಂದೇ: “ರೊಕ್ಕ ಎಷ್ಟವ್ವಾ?”

ಆತನಿಗೆ ಉತ್ತರ ಹೇಳುವ ಮುಂಚೆ, ಹಣ ಕೊಟ್ಟು ಕೊಳ್ಳುವುದೇನೆಂದು ನೋಡೋಣ. ಸಂಬಳಕ್ಕಾಗಿ ವಿಮಾನ ನಡೆಸಲು ವಾಣಿಜ್ಯ ಚಾಲಕ ಪರವಾನಿಗೆ ಬೇಕು. ಕೊಡುವವರು ಕೇಂದ್ರ ಸರಕಾರದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದವರು. ಇದನ್ನೇ ಎಲ್ಲರೂ ಚುಟುಕಾಗಿ ಡಿ.ಜಿ.ಸಿ.ಎ. ಎನ್ನುತ್ತಾರೆ. ವಯಸ್ಸು ೧೮ ತುಂಬಿರಬೇಕು. ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಓದಿರಬೇಕೆಂಬುದು ಬಹುಕಾಲದ ನಿಯಮ. ಕಲೆ, ವಾಣಿಜ್ಯ ಓದಿದವರು ಈ ಎರಡು ವಿಷಯಗಳನ್ನು ಮುಕ್ತ ಶಾಲೆಯ ಮೂಲಕ ಬರೆದುಕೊಂಡು ಬಂದದ್ದುಂಟು. ದಿಕ್ಕು ದೂರಗಳ ಲೆಕ್ಕ, ಹವಾಮಾನ, ವಾಯುನಿಯಮ, ವಿಮಾನದ ಯಂತ್ರಜ್ಞಾನ ಇವುಗಳಲ್ಲಿ ಲಿಖಿತ ಪರೀಕ್ಷೆಗಳಿವೆ. ತೇರ್ಗಡೆಗೆ ನೂರಕ್ಕೆ ೭೦ ಅಂಕ ಬೇಕು. ಒಟ್ಟು ೨೦೦ ಗಂಟೆ ಹಾರಿರಬೇಕು. ಅದರಲ್ಲಿ ೧೦೦ ಗಂಟೆ ತಾನೇ ಮುಖ್ಯ ಚಾಲಕನಾಗಿ ಹಾರಿರಬೇಕು.

ರೇಡಿಯೋ ಕೇಳುಗರಾದ ನಿಮಗೆ ಇನ್ನೊಂದು ಸಂಗತಿ ಕುತೂಹಲವೆನಿಸೀತು. ವಿಮಾನದಿಂದ ನೆಲದ ಕೇಂದ್ರದೊಡನೆ ರೇಡಿಯೋದಲ್ಲಿ ಮಾತನಾಡುವುದಕ್ಕೂ ಬೇರೆಯೇ ಪರೀಕ್ಷೆ ಉಂಟು. ಬಹುಕಾಲ ಇದನ್ನು ದೂರಸಂಪರ್ಕ ಇಲಾಖೆಯ ನಿಸ್ತಂತು ವಿಭಾಗ ನಡೆಸುತ್ತಿತ್ತು. ೨೦೨೪ರ ಭಾರತೀಯ ವಾಯುಯಾನ ಅಧಿನಿಯಮ ೨೦೨೫ರ ಜನವರಿ ೧ರಿಂದ ಜಾರಿಗೆ ಬಂದ ಮೇಲೆ ಈ ಹೊಣೆ ಡಿ.ಜಿ.ಸಿ.ಎ.ಗೆ ಸೇರಿತು.

ಇನ್ನು ಖರ್ಚಿನ ಮಾತು. ಹಾರಾಟದ ಪ್ರತಿ ಗಂಟೆಗೂ ಇಂಧನ, ಶಿಕ್ಷಕ, ವಿಮಾನದ ದುರಸ್ತಿ ಇವೆಲ್ಲದರ ಬೆಲೆ ಬೀಳುತ್ತದೆ. ಆದ್ದರಿಂದ ಪರವಾನಿಗೆಗೆ ನಮ್ಮ ದೇಶದಲ್ಲಿ ರೂ. ೪೦ ಲಕ್ಷಕ್ಕೆ ಕಡಿಮೆ ಹಿಡಿಯಲಾಗದು, ರೂ. ೬೦ ಲಕ್ಷ ಮುಟ್ಟುವುದು ಅಪರೂಪವಲ್ಲ. ವಿಮಾನ ಕಂಪನಿಗಳೇ ಶಾಲೆಗಳೊಡನೆ ಕೂಡಿ ನಡೆಸುವ ‘ಕ್ಯಾಡೆಟ್’ ಯೋಜನೆಗಳಿಗೆ ಒಂದು ಕೋಟಿಯೂ ದಾಟಬಹುದು. ಬೆಂಗಳೂರಿನ ಜಕ್ಕೂರಿನಲ್ಲಿ ೧೯೪೦ರ ದಶಕದ ಕೊನೆಯಲ್ಲಿ ಹುಟ್ಟಿದ ಸರಕಾರಿ ಹಾರಾಟ ಶಾಲೆ ಇದೆ. ಉತ್ತರ ಪ್ರದೇಶದ ಫುರಸತ್‌ಗಂಜ್‌ನಲ್ಲಿ ಕೇಂದ್ರ ಸರಕಾರದ ಅಕಾಡೆಮಿ ಇದೆ. ಅಲ್ಲಿ ಪ್ರವೇಶಕ್ಕೆ ಸ್ಪರ್ಧಾ ಪರೀಕ್ಷೆ. ಯಾವ ಶಾಲೆಯನ್ನೇ ಕೇಳಿ, ಶುಲ್ಕದ ಜೊತೆಗೆ ಒಂದು ಪ್ರಶ್ನೆ ಕೇಳುವುದನ್ನು ಮರೆಯಬೇಡಿ: “ಕಳೆದ ವರ್ಷ ಸೇರಿದವರು ೨೦೦ ಗಂಟೆ ಮುಗಿಸಲು ಎಷ್ಟು ತಿಂಗಳು ಹಿಡಿಯಿತು?” ವಿಮಾನ ಕಡಿಮೆಯಿದ್ದು ವಿದ್ಯಾರ್ಥಿಗಳು ಹೆಚ್ಚಿದ್ದರೆ ಒಂದೂವರೆ ವರ್ಷದ ಕಲಿಕೆ ಮೂರು ವರ್ಷಕ್ಕೆ ಎಳೆದೀತು. ಸಾಲದ ಬಡ್ಡಿಗೆ ಆ ವಿಳಂಬ ತಿಳಿಯದು.

ಪರವಾನಿಗೆ ಕೈಗೆ ಬಂತು ಎನ್ನಿ. ಕೆಲಸ ಸಿಕ್ಕಿತೇ? ಇಲ್ಲ. ಪರವಾನಿಗೆ ಬರುವುದು ಸಣ್ಣ ವಿಮಾನದ ಮೇಲೆ. ಕಂಪನಿ ನಡೆಸುವುದು ಏರ್‌ಬಸ್ ಎ-೩೨೦, ಎ.ಟಿ.ಆರ್. ಮುಂತಾದ ದೊಡ್ಡ ವಿಮಾನಗಳನ್ನು. ಅಂಥ ಒಂದೊಂದು ಜಾತಿಯ ವಿಮಾನಕ್ಕೂ ಬೇರೆ ತರಬೇತಿ ಪಡೆಯಬೇಕು. ಇದಕ್ಕೆ ‘ಟೈಪ್ ರೇಟಿಂಗ್’ ಎಂದು ಹೆಸರು. ಬಹುಪಾಲು ತರಬೇತಿ ನೆಲದ ಮೇಲಿನ ಕೃತಕ ಯಂತ್ರದಲ್ಲಿ ನಡೆಯುತ್ತದೆ. ಸುಮಾರು ರೂ. ೧೫ರಿಂದ ೨೫ ಲಕ್ಷ ತಗಲುತ್ತದೆ. ಎಷ್ಟೋ ವೇಳೆ ಅದನ್ನೂ ಅಭ್ಯರ್ಥಿಯೇ ಭರಿಸಬೇಕು. ಕಂಪನಿಯ ಆಯ್ಕೆಯಲ್ಲಿ ಲಿಖಿತ ಪರೀಕ್ಷೆ, ಬುದ್ಧಿ ಮತ್ತು ಕೈಚಳಕದ ಪರೀಕ್ಷೆ, ಗುಂಪು ಚರ್ಚೆ, ಕೃತಕ ಯಂತ್ರದ ಪರೀಕ್ಷೆ, ಸಂದರ್ಶನ ಇಷ್ಟೂ ಇರಬಹುದು. ಆರಿಸಿಕೊಂಡ ಮೇಲೂ ಹೊಸಬನನ್ನು ತರಬೇತುದಾರ ಕ್ಯಾಪ್ಟನ್ನರ ಪಕ್ಕದಲ್ಲಿ ಕೂರಿಸಿ ತಿಂಗಳುಗಟ್ಟಲೆ ಹಾರಿಸಿ, ಕೊನೆಗೆ ಪರೀಕ್ಷಿಸಿ, ಸಹಚಾಲಕನೆಂದು ಬಿಡುಗಡೆ ಮಾಡುತ್ತಾರೆ.

ಸಂಬಳದ ಗುಟ್ಟು ಇರುವುದು ಇಲ್ಲಿಯೇ. ಈ ಬಿಡುಗಡೆಯಾಗುವ ತನಕ ಸಿಗುವುದು ಸಾಮಾನ್ಯವಾಗಿ ತರಬೇತಿ ಭತ್ಯೆ ಮಾತ್ರ. ಆಮೇಲಿನ ಸಂಬಳಕ್ಕೆ ಎರಡು ಭಾಗ: ತಿಂಗಳಿಗೆ ಇಂತಿಷ್ಟು ಎಂಬ ನಿಶ್ಚಿತ ಮೊತ್ತ ಒಂದು, ಹಾರಿದ ಗಂಟೆಗೆ ಇಂತಿಷ್ಟು ಎಂಬುದು ಇನ್ನೊಂದು. ವಿಮಾನ ಹಾರಿದರೆ ಗಂಟೆಯ ಹಣ, ನಿಂತರೆ ಇಲ್ಲ. ೨೦೨೦ರಲ್ಲಿ ಕೊರೋನಾ ಕಾಲಕ್ಕೆ ವಿಮಾನಗಳು ನೆಲಕ್ಕಂಟಿದಾಗ ಚಾಲಕರ ಸಂಬಳಕ್ಕೆ ಕತ್ತರಿ ಬಿತ್ತು. ಕೆಲವು ದಿನ ಸಂಬಳವಿಲ್ಲದ ರಜೆಯೂ ಬಂತು. ಹೆಚ್ಚು ಹಾರಿ ಹೆಚ್ಚು ಗಳಿಸೋಣವೆಂದರೆ ಕಾನೂನು ಬಿಡದು: ದಣಿದ ಚಾಲಕ ಅಪಾಯಕಾರಿಯಾದ್ದರಿಂದ ವರ್ಷಕ್ಕೆ ೧೦೦೦ ಗಂಟೆಯೇ ಮಿತಿ. ೨೦೨೫ರಲ್ಲಿ ವಾರದ ವಿಶ್ರಾಂತಿಯನ್ನು ೩೬ ಗಂಟೆಯಿಂದ ೪೮ಕ್ಕೆ ಏರಿಸಲಾಯಿತು.

ಹೊಸ ನಿಯಮದ ಎರಡನೆಯ ಹಂತ ಬಂದೊಡನೆ, ಆ ಡಿಸೆಂಬರಿನಲ್ಲಿ ದೇಶದ ಅತಿ ದೊಡ್ಡ ವಿಮಾನ ಕಂಪನಿಯ ಸಾವಿರಾರು ಹಾರಾಟಗಳು ರದ್ದಾದುದನ್ನು ನೀವು ಕೇಳಿರಬಹುದು. ಹಾಗಾದರೆ ಚಾಲಕರಿಗೆ ಬರವಿದೆ, ಕೆಲಸ ಸಿಗುವುದು ಸುಲಭ ಎಂದು ತೀರ್ಮಾನಿಸುವುದು ಸಹಜ. ಆದರೆ ಬರವಿರುವುದು ಹೆಚ್ಚಾಗಿ ಅನುಭವಿಗಳಿಗೆ. ಹೊಸಬರ ಸಾಲು ಉದ್ದವಾಗಿದೆ: ೨೦೨೩ ಒಂದೇ ವರ್ಷದಲ್ಲಿ ಡಿ.ಜಿ.ಸಿ.ಎ. ೧,೬೦೦ಕ್ಕೂ ಹೆಚ್ಚು ವಾಣಿಜ್ಯ ಪರವಾನಿಗೆಗಳನ್ನು ಕೊಟ್ಟಿತು.

ಈ ಕಸಬಿನ ಏರಿಳಿತ ತಿಳಿಯಲು ನಮ್ಮ ನಾಡಿನವೇ ಆದ ಎರಡು ಕಂಪನಿಗಳ ಕಥೆ ಸಾಕು. ಹಾಸನ ಜಿಲ್ಲೆಯ ಗೊರೂರಿನಲ್ಲಿ ಬೆಳೆದ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ ಅವರು ೨೦೦೩ರಲ್ಲಿ ಬೆಂಗಳೂರಿನಿಂದ ಏರ್ ಡೆಕ್ಕನ್ ಆರಂಭಿಸಿದರು. ಹುಬ್ಬಳ್ಳಿಯಂಥ ಊರುಗಳಿಗೂ ಕಡಿಮೆ ದರದ ವಿಮಾನ ಬಂತು. ಎಷ್ಟೋ ಹೊಸ ಚಾಲಕರಿಗೆ ಬಾಗಿಲು ತೆರೆಯಿತು. ಮುಂದೆ ಅದು ಬೆಂಗಳೂರಿನದೇ ಆದ ಕಿಂಗ್‌ಫಿಶರ್ ಕಂಪನಿಯ ವಶವಾಯಿತು. ಆ ಕಂಪನಿ ಸಾಲದಲ್ಲಿ ಮುಳುಗಿ, ಚಾಲಕರು ಹಾಗೂ ಇತರ ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಬಾಕಿ ಉಳಿದು, ೨೦೧೨ರ ಅಕ್ಟೋಬರಿನಲ್ಲಿ ಹಾರಾಟ ನಿಂತಿತು. ಜೆಟ್ ಏರ್‌ವೇಸ್ ೨೦೧೯ರ ಏಪ್ರಿಲಿನಲ್ಲಿ, ಗೋ ಫಸ್ಟ್ ೨೦೨೩ರ ಮೇ ತಿಂಗಳಲ್ಲಿ ನಿಂತವು. ಹೀಗೊಂದು ಕಂಪನಿ ಮುಚ್ಚಿದಾಗ ಸಾವಿರಾರು ಗಂಟೆ ಹಾರಿದ ಅನುಭವಿಗಳು ಕೆಲಸ ಹುಡುಕುತ್ತ ಬರುತ್ತಾರೆ. ೨೦೦ ಗಂಟೆಯ ಹೊಸಬ ಅವರ ಹಿಂದೆ ನಿಲ್ಲಬೇಕಾಗುತ್ತದೆ.

ಹೊರನಾಡಿನಲ್ಲಿಯೂ ಆರಂಭ ಸುಖದ್ದಲ್ಲ. ೨೦೦೯ರ ಫೆಬ್ರವರಿಯಲ್ಲಿ ಅಮೆರಿಕದ ಬಫಲೋ ನಗರದ ಬಳಿ ಒಂದು ಪ್ರಯಾಣಿಕ ವಿಮಾನ ಬಿದ್ದಿತು. ವಿಚಾರಣೆಯಲ್ಲಿ ಚಾಲಕರ ದಣಿವು, ಸಹಚಾಲಕರ ಅತಿ ಕಡಿಮೆ ಸಂಬಳ ಇವೆಲ್ಲ ಬೆಳಕಿಗೆ ಬಂದವು. ೨೦೧೩ರಿಂದ ಅಲ್ಲಿ ಸಹಚಾಲಕನಾಗಲು ಸಾಮಾನ್ಯವಾಗಿ ೧,೫೦೦ ಗಂಟೆ ಹಾರಿರಬೇಕು. ಹೀಗಾಗಿ ಅಲ್ಲಿನ ಹೊಸಬರು ಬೇರೆಯವರಿಗೆ ಹಾರುವುದನ್ನು ಕಲಿಸುತ್ತ ಗಂಟೆ ಕೂಡಿಸುತ್ತಾರೆ. ನಮ್ಮಲ್ಲಿ ೨೦೦ ಗಂಟೆಗೇ ಕಂಪನಿಯ ಬಾಗಿಲಿಗೆ ಹೋಗಬಹುದು. ಆದರೆ ಬಾಗಿಲು ತೆರೆಯದಿದ್ದರೆ ನಡುವೆ ದುಡಿಯುವ ದಾರಿಗಳು ಕೆಲವೇ.

ಈಗ ಆ ಮಮದಾಪುರದ ತಂದೆಯ ಲೆಕ್ಕಕ್ಕೆ ಬರೋಣ. ರೂ. ೬೦ ಲಕ್ಷ ಸಾಲ, ನೂರಕ್ಕೆ ೧೦ರ ಬಡ್ಡಿ ಎಂದಿಟ್ಟುಕೊಳ್ಳಿ. ಬಡ್ಡಿಯೇ ತಿಂಗಳಿಗೆ ರೂ. ೫೦,೦೦೦. ಹತ್ತು ವರ್ಷದಲ್ಲಿ ತೀರಿಸಲು ತಿಂಗಳ ಕಂತು ಸುಮಾರು ರೂ. ೭೯,೦೦೦. ಎರಡು ವರ್ಷದ ಬಡ್ಡಿ ಕಟ್ಟದೆ ಉಳಿದರೆ ಸರಳ ಬಡ್ಡಿಯಲ್ಲಿಯೇ ಸಾಲ ರೂ. ೭೨ ಲಕ್ಷವಾಗಿ, ಕಂತು ರೂ. ೯೫,೦೦೦ಕ್ಕೆ ಏರುತ್ತದೆ. ಟೈಪ್ ರೇಟಿಂಗಿನ ಹಣ ಇದರಲ್ಲಿ ಸೇರಿಲ್ಲ. ಬ್ಯಾಂಕಿನ ಶಿಕ್ಷಣ ಸಾಲ ರೂ. ೭.೫ ಲಕ್ಷ ಮೀರಿದರೆ ಸಾಮಾನ್ಯವಾಗಿ ಆಸ್ತಿಯ ಭದ್ರತೆ ಕೇಳುತ್ತಾರೆ. ಹೊಲವಿದೆಯಲ್ಲ ಎನ್ನಬಹುದು. ಆದರೆ ಸಾಲ ವಸೂಲಿಯ ೨೦೦೨ರ ಸರ್‌ಫೇಸಿ ಕಾಯಿದೆ ಕೃಷಿಭೂಮಿಯನ್ನು ಹೊರಗಿಟ್ಟಿರುವುದರಿಂದ ಬ್ಯಾಂಕುಗಳು ಮನೆ, ನಿವೇಶನ, ಠೇವಣಿಗಳನ್ನೇ ಹೆಚ್ಚಾಗಿ ಕೇಳುತ್ತವೆ. ಆಗ ಉಳಿಯುವ ದಾರಿ ಹೊಲ ಮಾರುವುದು, ಇಲ್ಲವೇ ಖಾಸಗಿ ಬಡ್ಡಿಗೆ ಕೈಯೊಡ್ಡುವುದು. ಒಬ್ಬಳ ಓದಿಗಾಗಿ ಇಡೀ ಮನೆಯ ಅನ್ನದ ದಾರಿ ಪಣಕ್ಕೆ ಬೀಳುವುದು ಇಲ್ಲಿ.

ಹಾಗೆಂದು ಆಸೆ ಬಿಡಬೇಕೇ? ಬೇಡ. ನಮ್ಮ ಒಕ್ಕಲಿಗನು ಹದ ನೋಡದೆ ಬಿತ್ತುವುದಿಲ್ಲ. ಈ ಹಣವನ್ನೂ ಹಾಗೆಯೇ ಹದ ನೋಡಿ ಹೂಡಬೇಕು. ಸಣ್ಣ ಖರ್ಚು ಮೊದಲು. ಅದರಲ್ಲಿ ಗೆದ್ದರೆ ಮಾತ್ರ ದೊಡ್ಡ ಖರ್ಚು.

ಮೊದಲನೆಯದು ದೇಹಪರೀಕ್ಷೆ. ಡಿ.ಜಿ.ಸಿ.ಎ. ಮಾನ್ಯ ಮಾಡಿದ ವೈದ್ಯರಲ್ಲಿ ಎರಡನೆಯ ದರ್ಜೆಯ ತಪಾಸಣೆ, ಆಮೇಲೆ ಮೊದಲನೆಯ ದರ್ಜೆಯದು. ಕನ್ನಡಕವಿದ್ದರೆ ಅಡ್ಡಿಯಿಲ್ಲ, ಕನ್ನಡಕದಿಂದ ದೃಷ್ಟಿ ಪೂರ್ಣವಾಗಬೇಕು. ಬಣ್ಣ ಗುರುತಿಸುವಲ್ಲಿ ದೋಷ, ಕಿವಿಯ ದೋಷ, ಹೃದಯದ ದೋಷ ಇದ್ದರೆ ತಿಳಿಯುವುದು ಇಲ್ಲಿಯೇ. ಶುಲ್ಕ ಕಟ್ಟಿದ ಮೇಲೆ ತಿಳಿಯುವುದಕ್ಕಿಂತ ಮೊದಲೇ ತಿಳಿಯುವುದು ಲೇಸು.

ಎರಡನೆಯದು ಲಿಖಿತ ಪರೀಕ್ಷೆಗಳು. ಅವುಗಳಿಗೆ ತಗಲುವುದು ಹಾರಾಟದ ಖರ್ಚಿನ ಒಂದು ಸಣ್ಣ ಪಾಲು ಮಾತ್ರ. ಹಾರಾಟ ಶುರುಮಾಡುವ ಮುನ್ನವೇ ಆದಷ್ಟು ಪರೀಕ್ಷೆಗಳನ್ನು ಮುಗಿಸಿದರೆ ವಿದ್ಯೆ ಒಗ್ಗುವುದೋ ಇಲ್ಲವೋ ಮನೆಯವರಿಗೂ ತಿಳಿಯುತ್ತದೆ.

ಮೂರನೆಯದು ಹಾರಾಟ. ಪೂರ್ತಿ ಶುಲ್ಕವನ್ನು ಒಂದೇ ಸಲ ಕೊಡದೆ, ಹಾರಿದಷ್ಟಕ್ಕೆ ಕಂತಿನಲ್ಲಿ ಕೊಡುವ ಕರಾರು ಕೇಳಿ. ಪರವಾನಿಗೆ ಬಂದ ಮೇಲೆ ಕೆಲಸವಿಲ್ಲದೆ ಕಳೆಯಬಹುದಾದ ಒಂದೆರಡು ವರ್ಷಕ್ಕೂ ಸ್ವಲ್ಪ ಹಣ ಬೇರೆ ಇಡಿ. ಯಂತ್ರಗಳನ್ನೇ ನೋಡಿ ಹಾರುವ ಅರ್ಹತೆಯನ್ನು ವರ್ಷವರ್ಷ ನವೀಕರಿಸಬೇಕು. ಕೆಲಸವಿರಲಿ ಬಿಡಲಿ, ಆ ಖರ್ಚು ತಪ್ಪದು.

ನಾಲ್ಕನೆಯದು ಟೈಪ್ ರೇಟಿಂಗ್. ಸಾಧ್ಯವಾದಷ್ಟೂ ಕಂಪನಿಯ ನೇಮಕದ ಪತ್ರ ಕೈಗೆ ಬರುವ ತನಕ ಇದಕ್ಕೆ ಹಣ ಹಾಕಬೇಡಿ. ಇಂದು ಒಂದು ಜಾತಿಯ ವಿಮಾನಕ್ಕೆ ಬೇಡಿಕೆ, ನಾಳೆ ಇನ್ನೊಂದಕ್ಕೆ. “ಇಷ್ಟು ಕೊಡಿ, ಕೆಲಸ ಖಾತ್ರಿ” ಎನ್ನುವ ಮಧ್ಯಸ್ಥರ ಮಾತು ಕಾಗದದಲ್ಲಿ ಇರುವುದಿಲ್ಲ.

ನೇಮಕ ಪತ್ರ ಬಂದಾಗ ಅದನ್ನು ಮನೆಮಂದಿ ಕೂತು ಓದಿ. ತಿಳಿಯದಿದ್ದರೆ ವಕೀಲರಿಗೆ ತೋರಿಸಿ. ತರಬೇತಿ ಕಾಲದ ಭತ್ಯೆ ಎಷ್ಟು? ಹಾರಾಟ ಕಡಿಮೆಯಾದ ತಿಂಗಳಲ್ಲಿ ಕನಿಷ್ಠ ಎಷ್ಟು ಗಂಟೆಯ ಹಣ ಖಚಿತ? ಎಷ್ಟು ವರ್ಷದ ಬಾಂಡ್, ಮುರಿದರೆ ಎಷ್ಟು ದಂಡ? ೨೦೧೭ರ ಡಿ.ಜಿ.ಸಿ.ಎ. ನಿಯಮ ಸಹಚಾಲಕನಿಗೆ ಆರು ತಿಂಗಳು, ಕ್ಯಾಪ್ಟನ್ನನಿಗೆ ಒಂದು ವರ್ಷ ಮುಂಗಡ ಸೂಚನೆ ವಿಧಿಸಿತು. ಕೆಲಸ ಬದಲಿಸುವುದು ಅಷ್ಟು ಸಲೀಸಲ್ಲ. ಇನ್ನೊಂದು ಪ್ರಶ್ನೆ: ದೇಹಪರೀಕ್ಷೆಯಲ್ಲಿ ಅನರ್ಹನಾದರೆ ನೆರವಾಗುವ ವಿಮೆ ಉಂಟೇ? ಚಾಲಕನ ಆರೋಗ್ಯ ಕೆಟ್ಟ ದಿನ ಆತನ ಪರವಾನಿಗೆಯೂ ನಿಲ್ಲುತ್ತದೆ. ಸಾಲದ ಕಂತು ಮಾತ್ರ ನಿಲ್ಲದು.

ಇಷ್ಟು ದಾಟಿ ೧,೫೦೦ ಗಂಟೆ ಹಾರಿದವರಿಗೆ ಕ್ಯಾಪ್ಟನ್ ಹುದ್ದೆಗೆ ಬೇಕಾದ ಮೇಲಿನ ಪರವಾನಿಗೆಯ ದಾರಿ ತೆರೆಯುತ್ತದೆ. ೬೫ನೆಯ ವಯಸ್ಸಿನ ತನಕ ದುಡಿಯಬಹುದಾದ, ಒಳ್ಳೆಯ ಸಂಬಳದ ಕಸಬು ಇದು. ನಿಮ್ಮ ಮನೆಯಲ್ಲಿಯೋ ಊರಿನ ಬಂಧುಗಳಲ್ಲಿಯೋ ಇಂಥ ಆಸೆ ಹೊತ್ತ ಮಕ್ಕಳಿದ್ದರೆ ಹೊಲದ ಉತಾರ ಹೊರತೆಗೆಯುವ ಮುಂಚೆ ಅವರನ್ನು ವೈದ್ಯರಲ್ಲಿಗೆ ಕರೆದೊಯ್ಯಿರಿ. ಆ ತಪಾಸಣೆಯ ಕಾಗದ ಕೈಗೆ ಬಂದ ಮೇಲೆ ಉಳಿದ ಲೆಕ್ಕ ಹಾಕಿದರಾಯಿತು.