ಒಣಗಿದ ಗಿಡ ಕಡಿಯೋ ಮುಂಚೆ ಅರ್ಧ ತಾಸು ನೋಡ್ರಿ

ಬೇಸಿಗೆ ಬಂತಂದ್ರೆ ಬಸವಕಲ್ಯಾಣ, ಹುಮನಾಬಾದ್ ಕಡೆ ಹೊಲ ಹಸನು ಮಾಡೋ ಗಡಿಬಿಡಿ. ಸೋಯಾ, ತೊಗರಿ ಬಿತ್ತೋ ಮುಂಚೆ ಜೆಸಿಬಿ ಬರುತ್ತದೆ, ಬದುವಿನ ಮೇಲಿನ ಅರೆ ಒಣಗಿದ ಬೇವಿನ ಗಿಡ ಮೊದಲು ಉರುಳುತ್ತದೆ. ಮರಕುಟಿಗ ಮರಿ ಮಾಡೋದೂ ಇದೇ ಹೊತ್ತಿನಲ್ಲಿ.

ಹೊನ್ನಿನ ಬಣ್ಣದ ಬೆನ್ನು, ಕೆಂಪು ಜುಟ್ಟಿನ ಮರಕುಟಿಗ ನೀವು ನೋಡಿರುತ್ತೀರಿ. ಸಾಮಾನ್ಯವಾಗಿ ಮೂರು ಬಿಳಿ ಮೊಟ್ಟೆ. ಸುಮಾರು 11 ದಿನಕ್ಕೆ ಮರಿ, ಮತ್ತೆ 20 ದಿನಕ್ಕೆ ಮರಿ ಹೊರಗೆ. ಅಂದರೆ ಗೂಡಿನಲ್ಲಿ ಮೊಟ್ಟೆ ಇದ್ದರೂ ಒಂದು ತಿಂಗಳು ತಡೆದರೆ ಸಾಕು.

ಪೊಟರೆ ಕಂಡರೆ ಮೂವತ್ತು ಹೆಜ್ಜೆ ದೂರ ನಿಂತು ಫೋನಿನಲ್ಲಿ ಜೂಮ್ ಮಾಡಿ ನೋಡ್ರಿ. ಹಣೆಯಿಂದ ಹಿಂದಿನವರೆಗೂ ಕೆಂಪಿದ್ದರೆ ಗಂಡು. ಹಣೆ ಕಪ್ಪಾಗಿ ಬಿಳಿ ಚುಕ್ಕೆ ಇದ್ದು ಹಿಂದಿನ ಜುಟ್ಟು ಮಾತ್ರ ಕೆಂಪಿದ್ದರೆ ಹೆಣ್ಣು. ಇಬ್ಬರೂ ಸರದಿ ಮೇಲೆ ಒಳಗೆ ಹೋಗಿ ಬರುತ್ತಾರೆ. ಪೊಟರೆಗೆ ಕೈ ಹಾಕಬೇಡಿ, ಫ್ಲ್ಯಾಶ್ ಹೊಡೆಯಬೇಡಿ.

ನಮ್ಮ ಮರಕುಟಿಗದ್ದು ಗಂಡ-ಹೆಂಡತಿಯ ಸಂಸಾರ. ನಮ್ಮ ಹೊಲದಲ್ಲಿ ಕೂಡು ಕುಟುಂಬ ಅಂದರೆ ಗುಂಪಾಗಿ ಗದ್ದಲ ಮಾಡೋ ಹರಟೆಮಲ್ಲ. ಆದರೆ ಅಮೆರಿಕದ ಆಗ್ನೇಯ ಭಾಗದ ಪೈನ್ ಕಾಡಿನಲ್ಲಿ ಕೂಡು ಕುಟುಂಬದ ಮರಕುಟಿಗವೂ ಇದೆ. ಹಿಂದಿನ ವರ್ಷದ ಗಂಡುಮಕ್ಕಳು ಮನೆ ಬಿಡದೆ ತಮ್ಮ-ತಂಗಿಯರಿಗೆ ಹುಳ ತಂದು ತಿನ್ನಿಸುತ್ತವೆ. ಕಾರಣ ಬರೀ ಪ್ರೀತಿ ಅಲ್ಲ, ಮನೆಯ ಬರ! ಜೀವಂತ ಹಳೇ ಪೈನ್ ಗಿಡದಲ್ಲಿ ಒಂದು ಪೊಟರೆ ಕೊರೆಯೋಕೆ ವರ್ಷಗಟ್ಟಲೆ ಬೇಕು. ಹಳೇ ಗಿಡ ಕಡಿದು ಕಡಿದು ಆ ಹಕ್ಕಿ ಅಳಿವಿನಂಚಿಗೆ ಬಂತು. 1989ರ ಹ್ಯೂಗೋ ಚಂಡಮಾರುತದಲ್ಲಿ ದಕ್ಷಿಣ ಕೆರೊಲಿನಾದ ಪೊಟರೆ ಗಿಡಗಳು ನೆಲ ಕಚ್ಚಿದಾಗ, ಜನರೇ ಉಳಿದ ಗಿಡಗಳಲ್ಲಿ ಕೃತಕ ಪೊಟರೆ ಮಾಡಿಕೊಟ್ಟು ಉಳಿಸಿದರು. ಕಡಿಯೋಕೆ ಅರ್ಧ ಗಂಟೆ, ಮತ್ತೆ ಮಾಡಿಕೊಡೋಕೆ ಎಷ್ಟು ಪಾಡು ನೋಡ್ರಿ.

ನಮ್ಮಲ್ಲೂ ಮರಕುಟಿಗ ಬಿಟ್ಟ ಪೊಟರೆಗೆ ಬಾಡಿಗೆದಾರರು ಬರ್ತಾರೆ. ಗೊರವಂಕ ಬರುತ್ತದೆ. ಇಲಿ ಹಿಡಿಯೋ ಚುಕ್ಕೆ ಗೂಬೆ ಬರುತ್ತದೆ. ಸುಳ್ಳು ಯಾಕೆ, ಜೋಳದ ತೆನೆಗೆ ಬೀಳೋ ಗಿಳಿಯೂ ಬರುತ್ತದೆ. ಮರಕುಟಿಗ ಮಾತ್ರ ಇರುವೆ, ಗೆದ್ದಲು, ತೊಗಟೆಯೊಳಗಿನ ಹುಳ ತಿಂದುಕೊಂಡಿರುತ್ತದೆ. ಗಿಡ ಕೆಡಿಸುತ್ತದೆ ಅನ್ನೋದು ಹೆಚ್ಚಾಗಿ ತಪ್ಪು ತಿಳಿವಳಿಕೆ; ಅದು ಸಾಮಾನ್ಯವಾಗಿ ಕೊರೆಯೋದು ಆಗಲೇ ಕೊಳೆತು ಮೆತ್ತಗಾದ ಭಾಗವನ್ನೇ.

ಕೊಂಬೆ ಮನೆ ಮೇಲೋ ದಾರಿ ಮೇಲೋ ಬೀಳೋ ಹಾಗಿದ್ದರೆ ಆ ಕೊಂಬೆ ಮಾತ್ರ ತೆಗೆಸಿ, ಪೊಟರೆ ಇರೋ ಬೊಡ್ಡೆ ನಿಲ್ಲಲಿ. ಜೆಸಿಬಿ ಡ್ರೈವರಿಗೆ ಹಿಂದಿನ ದಿನವೇ ಗಿಡ ತೋರಿಸಿ, ಸುಣ್ಣದ ಗುರುತು ಹಾಕಿಡ್ರಿ.