ಕೋಣೆಯ ಅಂದಕ್ಕೆ ಮಳೆಗಾಲದ ಪರೀಕ್ಷೆ

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಭಟ್ಕಳದ ತೆಂಗಿನಗುಂಡಿ ಬಂದರಿನಲ್ಲಿ ಬೋಟುಗಳು ದಡ ಸೇರಿ ಸುಮ್ಮನೆ ನಿಲ್ಲುತ್ತವೆ. ವರ್ಷದ ಉಳಿದ ದಿನಗಳಲ್ಲಿ ಕಡಲನ್ನೇ ನೋಡುವ ಗಂಡಸರು ಈ ಎರಡು ತಿಂಗಳು ಜಗಲಿಯಲ್ಲಿ ಕುಳಿತು ಬಲೆ ಸರಿಪಡಿಸುತ್ತಾ, ಬಹಳ ದಿನಗಳ ಮೇಲೆ ತಮ್ಮ ಮನೆಯನ್ನು ಒಳಗಿನಿಂದ ನೋಡುತ್ತಾರೆ. 'ಈ ಕೋಣೆಯನ್ನು ಒಂದಿಷ್ಟು ಚೆಂದ ಮಾಡಬೇಕಲ್ಲ' ಎಂಬ ಮಾತು ಹುಟ್ಟುವುದು ಆಗಲೇ.

ಕೋಣೆಯ ಅಲಂಕಾರಕ್ಕೂ ಆರೋಗ್ಯದ ಅಂಕಣಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ದಿನದ ಮೂರನೇ ಒಂದು ಭಾಗವನ್ನು ನೀವು ಮಲಗುವ ಕೋಣೆಯಲ್ಲಿ ಕಳೆಯುತ್ತೀರಿ. ಅಷ್ಟು ಹೊತ್ತು ಉಸಿರಾಡುವುದು ಆ ಪರದೆಯ, ಆ ಹಾಸಿಗೆಯ, ಆ ಗೋಡೆಯ ಗಾಳಿಯನ್ನೇ. ಕರಾವಳಿಯ ಮಳೆಗಾಲದಲ್ಲಿ ಆ ಗಾಳಿಯ ತೇವಾಂಶ ಬಹುತೇಕ ಶೇಕಡಾ 80ರ ಮೇಲೆಯೇ ಇರುತ್ತದೆ. 2022ರ ಆಗಸ್ಟ್ ಆರಂಭದಲ್ಲಿ ಭಟ್ಕಳದಲ್ಲಿ ಒಂದೇ ದಿನ 500 ಮಿ.ಮೀ.ಗೂ ಮೀರಿ ಮಳೆ ಸುರಿದದ್ದು ನಿಮಗೆ ನೆನಪಿರಬಹುದು. ಅಂಥ ಊರಿನಲ್ಲಿ ಕೋಣೆಯನ್ನು ಸಿಂಗರಿಸುವಾಗ ಕಣ್ಣಿನ ಅಭಿಪ್ರಾಯವೊಂದೇ ಸಾಲದು. ಶ್ವಾಸಕೋಶವನ್ನೂ ಒಂದು ಮಾತು ಕೇಳಬೇಕು.

ಒಂದು ಮನೆಯನ್ನು ಊಹಿಸಿಕೊಳ್ಳಿ. ಚಿರೇಕಲ್ಲಿನ ಗೋಡೆ, ಹಂಚಿನ ಮಾಡು, ಪಶ್ಚಿಮಕ್ಕೆ ಕಡಲು. ಒಂದು ಕೋಣೆಯಲ್ಲಿ ಗಂಡ ಹೆಂಡತಿ, ಆರು ವರ್ಷದ ಮಗು, ಬಾಗಿಲ ಬಳಿ ಅಜ್ಜಿಯ ಮಂಚ. ಗಲ್ಫ್‌ನಲ್ಲಿರುವ ಮಾವ ರಜೆಗೆ ಬರುವಾಗ ಒಂದು ದಪ್ಪ ಕಾರ್ಪೆಟ್ಟನ್ನೂ ಮಖಮಲ್ಲಿನ ಪರದೆಗಳನ್ನೂ ತಂದಿದ್ದಾನೆ. ಬೀರುವನ್ನು ಪಶ್ಚಿಮದ ಗೋಡೆಗೆ ಒತ್ತಿ ನಿಲ್ಲಿಸಿದ್ದಾರೆ. ಗೋಡೆಗೆ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಪೇಂಟು. ಏಪ್ರಿಲ್‌ನಲ್ಲಿ ನೋಡಿದವರೆಲ್ಲ ಹೊಗಳಿದರು. ಜುಲೈ ಹೊತ್ತಿಗೆ ಬೀರುವಿನ ಹಿಂದೆ ಕಪ್ಪು ಬೂಷ್ಟು ಹಬ್ಬಿತು, ಪೇಂಟು ಗುಳ್ಳೆ ಎದ್ದಿತು, ಮಗು ನಸುಕಿನಲ್ಲಿ ಎದ್ದು ಕೆಮ್ಮತೊಡಗಿತು. ಮನೆಯವರು 'ಮಳೆಗಾಲದ ಶೀತ' ಎಂದು ಕಷಾಯ ಕುಡಿಸಿದರು. ಶೀತ ವಾರದಲ್ಲಿ ಹೋಗಬೇಕಿತ್ತು. ಈ ಕೆಮ್ಮು ಚೌತಿ ಕಳೆದರೂ ಹೋಗಲಿಲ್ಲ.

ಇಲ್ಲಿ ಯಾರನ್ನೂ ದೂರುವಂತಿಲ್ಲ. ಮಾವ ತಂದ ಕಾರ್ಪೆಟ್ಟು ಮಳೆಯೇ ಅಪರೂಪವಾದ, ಏಸಿ ನಡೆಯುವ ಕೋಣೆಗೆ ಹೇಳಿ ಮಾಡಿಸಿದ್ದು. ಅದೇ ಕಾರ್ಪೆಟ್ಟು ನಮ್ಮಲ್ಲಿ ಸ್ಪಂಜಿನಂತೆ ತೇವ ಕುಡಿಯುತ್ತದೆ. ಧೂಳಿನ ನುಸಿ ಎಂಬ ಜೀವಿಯ ವಿಷಯವನ್ನು ನೀವು ಕೇಳಿರಬಹುದು. ಮಿಲಿಮೀಟರಿನ ಮೂರನೇ ಒಂದರಷ್ಟು ಗಾತ್ರ, ಬರಿಗಣ್ಣಿಗೆ ಕಾಣುವುದಿಲ್ಲ. ನಮ್ಮ ಮೈಯಿಂದ ಉದುರುವ ಚರ್ಮದ ಹುಡಿಯೇ ಅದರ ಆಹಾರ. ಅದು ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರಿ ಬದುಕುತ್ತದೆ. ತೇವಾಂಶ ಶೇಕಡಾ 50ಕ್ಕಿಂತ ಕೆಳಗೆ ಇಳಿದು ಅಲ್ಲೇ ನಿಂತರೆ ಒಣಗಿ ಸಾಯುತ್ತದೆ. ನಮ್ಮ ಆಷಾಢ, ಶ್ರಾವಣಗಳಲ್ಲಿ ಅದಕ್ಕೆ ಹಬ್ಬ. ಅದರ ಹಿಕ್ಕೆಯ ಕಣಗಳು ಅಲರ್ಜಿ ಇರುವವರಲ್ಲಿ ಸೀನು, ಮೂಗು ಕಟ್ಟುವುದು, ಉಬ್ಬಸ ತರುತ್ತವೆ. ಬೂಷ್ಟಿನ ಕಥೆಯೂ ಇಂಥದ್ದೇ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಯೊಳಗಿನ ತೇವ ಮತ್ತು ಬೂಷ್ಟಿನ ಕುರಿತು ಮಾರ್ಗಸೂಚಿ ಹೊರಡಿಸಿತು. ಅಂಥ ಮನೆಗಳಲ್ಲಿ ಇರುವವರಿಗೆ ಉಸಿರಾಟದ ತೊಂದರೆ, ಸೋಂಕು, ಉಬ್ಬಸದ ಉಲ್ಬಣ ಹೆಚ್ಚು ಎಂದು ಹೇಳಿದ ಅದು, ಇಷ್ಟು ಬೂಷ್ಟು ಇದ್ದರೆ ಅಪಾಯವಿಲ್ಲ ಎಂಬ ಅಳತೆಯನ್ನು ಮಾತ್ರ ಕೊಡಲಿಲ್ಲ. ತೇವವನ್ನೇ ತಡೆಯಿರಿ ಎಂದಿತು.

ಹಾಗಾದರೆ ಬೋಳು ಗೋಡೆಯ ಆಸ್ಪತ್ರೆ ವಾರ್ಡಿನಂಥ ಕೋಣೆಯಲ್ಲಿ ಇರಬೇಕೆ? ಖಂಡಿತ ಬೇಡ. ಅಂದವಿಲ್ಲದ ಕೋಣೆಯಲ್ಲಿ ಮನಸ್ಸೂ ಮುದುಡುತ್ತದೆ, ಹೊರಗೆ ಹಗಲಿಡೀ ಮೋಡ ಕವಿದಿರುವಾಗ ಇನ್ನೂ ಹೆಚ್ಚು. ಪ್ರಶ್ನೆ ಇರುವುದು ನಿಮ್ಮ ಅಂದ ಯಾವುದು ಎಂಬುದರಲ್ಲಿ. ಪಕ್ಕದ ಮನೆಯದ್ದಲ್ಲ, ಕ್ಯಾಲೆಂಡರಿನ ಚಿತ್ರದ್ದಲ್ಲ, ಅಂಗಡಿಯವನು ತೋರಿಸಿದ್ದಲ್ಲ. ಅದನ್ನು ಕಂಡುಕೊಳ್ಳಲು ಖರ್ಚಿಲ್ಲದ ಒಂದು ದಾರಿ ಇದೆ.

ಮಳೆ ಹೊಳವಾದ ಒಂದು ದಿನ ಕೋಣೆಯ ಸಾಮಾನನ್ನೆಲ್ಲ ಜಗಲಿಗೆ ತನ್ನಿ. ಬೀರು ಎತ್ತಲು ಮನೆಯಲ್ಲಿ ಜನ ಇರುವ ದಿನವೇ ಆಗಲಿ. ಬಲೆ ಎಳೆಯುವ ತೋಳುಗಳಿಗೆ ಬೀರು ಯಾವ ಲೆಕ್ಕ! ಖಾಲಿ ಕೋಣೆಯಲ್ಲಿ ಸುಮ್ಮನೆ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಬೆಳಿಗ್ಗೆ ಬೆಳಕು ಎಲ್ಲಿ ಬೀಳುತ್ತದೆ, ಗಾಳಿ ಯಾವ ಕಿಟಕಿಯಿಂದ ಬಂದು ಎಲ್ಲಿಗೆ ಹೋಗುತ್ತದೆ, ಯಾವ ಗೋಡೆ ಅಂಗೈಗೆ ತಣ್ಣಗೆ ತಾಗುತ್ತದೆ ಎಂದು ನೋಡಿ. ತಣ್ಣಗಿರುವ ಗೋಡೆಯೇ ಮೊದಲು ಬೂಷ್ಟು ಹಿಡಿಯುವ ಗೋಡೆ. ನಮ್ಮಲ್ಲಿ ಅದು ಹೆಚ್ಚಾಗಿ ಮಳೆಗಾಳಿ ಬಡಿಯುವ ಪಶ್ಚಿಮದ ಗೋಡೆ. ಹಿರಿಯರು ಆ ಬದಿಗೆ ಮಡಲಿನ ತಟ್ಟಿ ಕಟ್ಟುತ್ತಿದ್ದುದು ಸುಮ್ಮನೆ ಅಲ್ಲ.

ಆಮೇಲೆ ವಸ್ತುಗಳನ್ನು ಒಂದೊಂದಾಗಿ ಒಳಗೆ ತನ್ನಿ. ಆದರೆ ಮನೆಯಲ್ಲಿ ಯಾರಾದರೂ ಕೇಳಿದ್ದನ್ನು ಮಾತ್ರ. ಮೊದಲ ರಾತ್ರಿ ಹಾಸಿಗೆ, ಹೊದಿಕೆ, ಅಜ್ಜಿಯ ಮಂಚ ಬರುತ್ತವೆ. ಮರುದಿನ ಮಗು ತನ್ನ ಚಿತ್ರದ ಪುಸ್ತಕ ಕೇಳುತ್ತದೆ. ನಿಮಗೆ ಮದುವೆಯ ಫೋಟೋ ಬೇಕೆನಿಸುತ್ತದೆ, ಅಜ್ಜಿಗೆ ಎಲೆ ಅಡಿಕೆಯ ತಟ್ಟೆ. ವಾರ ಕಳೆದ ಮೇಲೂ ಜಗಲಿಯಲ್ಲೇ ಉಳಿದದ್ದನ್ನು ನೋಡಿ. ಷೋಕೇಸಿನ ಪ್ಲಾಸ್ಟಿಕ್ ಹೂ, ಬಿಚ್ಚದ ಉಡುಗೊರೆ ಪೆಟ್ಟಿಗೆಗಳು, ಯಾರೂ ಕೂರದ ಮೆತ್ತೆಗಳು. ಅವು ನಿಮ್ಮ ಅಭಿರುಚಿಯಲ್ಲ, ನಿಮ್ಮ ಮನೆಯಲ್ಲಿ ಉಳಿದುಕೊಂಡ ಧೂಳಿನ ಗೂಡುಗಳು ಅಷ್ಟೆ. ಒಳಗೆ ಬಂದವುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಅವುಗಳ ನಡುವೆ ಒಂದು ಹೋಲಿಕೆ ಕಾಣುತ್ತದೆ. ಕೆಲವರಿಗೆ ಎಲ್ಲವೂ ಮರದ್ದು, ಕೆಲವರಿಗೆ ಎಲ್ಲವೂ ಬಿಳಿ ಹತ್ತಿಯದ್ದು, ಕೆಲವರ ಕೋಣೆ ಕಡುಬಣ್ಣಗಳ ಸಂತೆ. ನಿಮ್ಮ ಶೈಲಿ ಅದೇ. ಮುಂದೆ ಏನಾದರೂ ಕೊಳ್ಳುವುದಿದ್ದರೆ ಆ ಗುಂಪಿಗೆ ಸೇರುವುದನ್ನು ಕೊಳ್ಳಿ, ಮತ್ತು ಅದನ್ನು ಒಗೆಯಲು, ಒರೆಸಲು, ಬಿಸಿಲಿಗೆ ಹಾಕಲು ಆಗುತ್ತದೆಯೇ ಎಂದು ಅಂಗಡಿಯಲ್ಲೇ ಕೇಳಿ.

ಈ ಕೊನೆಯ ಮಾತಿಗೆ ಹೆಚ್ಚು ಒತ್ತು ಕೊಡಬೇಕು. ಬಣ್ಣ ಬಣ್ಣದ ಪರದೆ ಇಷ್ಟವೆ? ಹತ್ತಿಯ ತೆಳು ಪರದೆಯಲ್ಲೂ ಆ ಬಣ್ಣ ಸಿಗುತ್ತದೆ, ಹದಿನೈದು ದಿನಕ್ಕೊಮ್ಮೆ ಒಗೆಯಲೂ ಬರುತ್ತದೆ. ನೆಲಕ್ಕೆ ಹಾಸು ಬೇಕೆ? ಸುತ್ತಿ ಎತ್ತಿ ಕೊಡವಬಹುದಾದ ಚಾಪೆ ಕಾರ್ಪೆಟ್ಟಿಗಿಂತ ಮೇಲು. ಮಾವನ ಕಾರ್ಪೆಟ್ಟನ್ನು ಎಸೆಯಬೇಡಿ, ಮನಸ್ತಾಪ ಬೇಡ. ಚೆನ್ನಾಗಿ ಒಣಗಿಸಿ ಸುತ್ತಿಟ್ಟು ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಹಾಸಿ. ಉಬ್ಬಸದ ಮಗುವಿದ್ದರೆ ಹಾಸಿಗೆಯ ಚಾದರ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ 60 ಡಿಗ್ರಿಯಷ್ಟು ಬಿಸಿನೀರಿನಲ್ಲಿ ಒಗೆಯಬೇಕು. ನುಸಿ ಸಾಯುವುದು ಆ ಬಿಸಿಗೆ. ಒದ್ದೆ ಬಟ್ಟೆಯನ್ನು ಮಲಗುವ ಕೋಣೆಯ ಹಗ್ಗದ ಮೇಲೆ ಒಣಹಾಕುವ ಅಭ್ಯಾಸವನ್ನು ಆದಷ್ಟು ಬಿಡಿ. ಆ ನೀರೆಲ್ಲ ಹೋಗುವುದು ಗೋಡೆಗೇ. ಜಗಲಿ ಇದ್ದರೆ ಅಲ್ಲಿ, ಬಚ್ಚಲ ಒಲೆ ಇದ್ದರೆ ಅದರ ಪಕ್ಕದಲ್ಲಿ ಹರವಿ.

ಗೋಡೆಯ ವಿಷಯಕ್ಕೆ ಬಂದರೆ, ಬೂಷ್ಟಿನ ಮೇಲೆ ಪೇಂಟು ಬಳಿಯುವುದು ಗಾಯ ತೊಳೆಯದೆ ಪಟ್ಟಿ ಕಟ್ಟಿದ ಹಾಗೆ. ನೀರು ಎಲ್ಲಿಂದ ಬರುತ್ತಿದೆ ಎಂದು ಮೊದಲು ಹುಡುಕಿ: ಜರುಗಿದ ಹಂಚು, ಒಡೆದ ದೋಣಿ ಪೈಪು, ಗೋಡೆಯ ಬುಡದಲ್ಲಿ ನಿಲ್ಲುವ ನೀರು. ಅದನ್ನು ಸರಿಪಡಿಸಿ, ಬೂಷ್ಟನ್ನು ಸೋಪು ನೀರಿನಲ್ಲಿ ತಿಕ್ಕಿ ತೊಳೆದು, ಪೂರ್ತಿ ಒಣಗಲು ಬಿಡಿ. ತಿಕ್ಕುವವರು ಮೂಗು ಬಾಯಿಗೆ ಮಾಸ್ಕು ಕಟ್ಟಿಕೊಳ್ಳಲಿ. ಉಬ್ಬಸ ಇರುವವರು ಈ ಕೆಲಸಕ್ಕೆ ಹೋಗಲೇಬಾರದು. ಬ್ಲೀಚಿಂಗ್ ದ್ರಾವಣವನ್ನು ಆಸಿಡ್ಡಿನೊಂದಿಗೆ ಎಂದೂ ಬೆರೆಸಬೇಡಿ, ವಿಷಾನಿಲ ಹೊರಡುತ್ತದೆ.

ಬಳಿಯುವುದಕ್ಕೆ ಮಳೆಗಾಲ ಕಾಲವಲ್ಲ. ಗೋಡೆ ಒಣಗಿದ ಮೇಲೆ, ದೀಪಾವಳಿ ಕಳೆದು ನೋಡಿ. ಚಿರೇಕಲ್ಲಿನ ಗೋಡೆಗೆ ನನ್ನ ಮತ ಹಳೆಯ ಸುಣ್ಣಕ್ಕೇ. ಅಘನಾಶಿನಿಯ ಚಿಪ್ಪಿನಿಂದ ಸುಣ್ಣ ಸುಟ್ಟ ಜಿಲ್ಲೆ ನಮ್ಮದು. ಸುಣ್ಣ ಗೋಡೆಯನ್ನು ಉಸಿರಾಡಲು ಬಿಡುತ್ತದೆ, ಅದರ ಕ್ಷಾರಗುಣ ಬೂಷ್ಟಿಗೆ ಹಿಡಿಸುವುದಿಲ್ಲ. ಆ ಗುಣ ಕಾಲಕ್ರಮದಲ್ಲಿ ಕುಂದುವುದರಿಂದ ವರ್ಷಕ್ಕೊಮ್ಮೆ ಬಳಿಯಬೇಕು. ಪ್ಲಾಸ್ಟಿಕ್ ಪೇಂಟಿನ ಮೇಲೆ ಅದು ನಿಲ್ಲುವುದಿಲ್ಲ, ಹಳೆಯದನ್ನು ತೆಗೆಯಬೇಕು. ಬಳಿಯುವಾಗ ಮಕ್ಕಳನ್ನು ದೂರವಿಡಿ. ಕಣ್ಣಿಗೆ ಸುಣ್ಣ ಬಿದ್ದರೆ ಉಜ್ಜದೆ, ತಡಮಾಡದೆ, ಧಾರಾಳ ನೀರಿನಲ್ಲಿ ಬಹಳ ಹೊತ್ತು ತೊಳೆದು ಆಸ್ಪತ್ರೆಗೆ ಹೋಗಬೇಕು. ಬರೀ ಬಿಳಿ ಬೇಸರವೆನ್ನುವವರು ಉತ್ತರ ಕನ್ನಡದ ಹಳೆಯ ದೇವಸ್ಥಾನಗಳ ಕಾವಿ ಕಲೆಯನ್ನು ಒಮ್ಮೆ ನೋಡಿ ಬನ್ನಿ. ಬಿಳಿ ಸುಣ್ಣ, ಕೆಮ್ಮಣ್ಣಿನ ಕೆಂಪು, ಎರಡೇ ಬಣ್ಣ. ಕೋಣೆಯ ಒಂದು ಗೋಡೆಗೆ ಸೊಂಟದೆತ್ತರದಲ್ಲಿ ಅಂಥದೊಂದು ಕೆಂಪು ಅಂಚು ಎಳೆದರೆ ಯಾವ ವಾಲ್‌ಪೇಪರೂ ಬೇಡ. ವಾಲ್‌ಪೇಪರಿನ ಹಿಂದೆ ನಮ್ಮೂರಲ್ಲಿ ಏನು ಬೆಳೆಯುತ್ತದೆಂದು ಹೇಳಬೇಕಾಗಿಲ್ಲ.

ಕಿಟಕಿ ಬಾಗಿಲುಗಳ ಹಳೆಯ ಆಯಿಲ್ ಪೇಂಟಿನ ಬಗ್ಗೆ ಎಚ್ಚರ. ಮನೆಬಳಕೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮವನ್ನು ಸರ್ಕಾರ ಮಾಡಿದ್ದು 2016ರಲ್ಲಿ. ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೆ ಹಿಂದಿನ ಪೇಂಟಿನಲ್ಲಿ ಹೆಚ್ಚು ಸೀಸ ಇರಬಹುದು. ಅದನ್ನು ಒಣಗಿದಂತೆಯೇ ಉಜ್ಜಿದರೆ ಹಾರುವ ಹುಡಿ ಮಕ್ಕಳ ಮಿದುಳಿನ ಬೆಳವಣಿಗೆಗೆ ಕೆಡುಕು. ನೀರು ಚಿಮುಕಿಸಿ ಉಜ್ಜಿಸಿ. ಗರ್ಭಿಣಿಯರೂ ಮಕ್ಕಳೂ ಆ ದಿನಗಳಲ್ಲಿ ಬೇರೆ ಕಡೆ ಇರಲಿ.

ಅಜ್ಜಿಯನ್ನು ಮರೆಯಬೇಡಿ. ಅರವತ್ತು ದಾಟಿದವರ ಕಣ್ಣಿನೊಳಕ್ಕೆ ತಲುಪುವ ಬೆಳಕು ಇಪ್ಪತ್ತರ ಹರೆಯದವರಿಗೆ ತಲುಪುವುದರ ಸುಮಾರು ಮೂರನೇ ಒಂದು ಭಾಗ ಮಾತ್ರ. ನಿಮಗೆ 'ಮಂದ ಬೆಳಕಿನ ಸೊಗಸು' ಎನಿಸುವುದು ಅವರಿಗೆ ಕತ್ತಲೆ. ಮಾಡಿಗೆ ಒಂದೆರಡು ಗಾಜಿನ ಹಂಚು ಹಾಕಿಸಿ. ಮಂಚದಿಂದ ಬಚ್ಚಲಿನವರೆಗಿನ ದಾರಿಯಲ್ಲಿ ಚಾಪೆ, ಸ್ಟೂಲು, ವೈರು ಏನೂ ಇರದಿರಲಿ, ರಾತ್ರಿ ಒಂದು ಸಣ್ಣ ದೀಪ ಉರಿಯಲಿ. ಹೊಸ್ತಿಲಿಗೆ ಅರಿಸಿನ ಹಚ್ಚಿ ಶೇಡಿ ಎಳೆಯುವ ಪದ್ಧತಿ ಇರುವ ಮನೆಯಲ್ಲಿ ಮಂಜುಗಣ್ಣಿನವರಿಗೂ ಹೊಸ್ತಿಲು ಎದ್ದು ಕಾಣುತ್ತದೆ. ಇಲ್ಲದ ಮನೆಯಲ್ಲಿ ಒಂದು ಹಳದಿ ಪೇಂಟಿನ ಪಟ್ಟಿ ಅದೇ ಕೆಲಸ ಮಾಡುತ್ತದೆ. ಹೊಳೆಯುವ ಟೈಲ್ಸ್ ಮಳೆಗಾಲದಲ್ಲಿ ಬೆವರಿ ಜಾರುತ್ತದೆ. ಹೊಸದಾಗಿ ಹಾಕಿಸುವುದಿದ್ದರೆ ತರಿಯಾದದ್ದನ್ನು ಆರಿಸಿ. ಈ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಮತ್ತೆ ಮೊದಲಿನಂತೆ ನಡೆದಾಡುವವರು ಎಲ್ಲರೂ ಅಲ್ಲ.

ಇಷ್ಟೆಲ್ಲ ಮಾಡಿದರೂ ಮಗುವಿನ ಕೆಮ್ಮು ಮೂರು ವಾರ ಮೀರಿದರೆ, ಉಸಿರಿನಲ್ಲಿ ಸುಂಯ್ ಸದ್ದು ಬಂದರೆ, ರಾತ್ರಿ ನಿದ್ದೆ ಕೆಟ್ಟರೆ ವೈದ್ಯರಿಗೆ ತೋರಿಸಿ. ಇನ್‌ಹೇಲರ್ ಬರೆದುಕೊಟ್ಟರೆ 'ಚಟವಾಗುತ್ತದೆ' ಎಂದು ಹೆದರಬೇಡಿ, ಅದು ಚಟವಾಗುವ ಔಷಧವಲ್ಲ. ಮಾತನಾಡಲೂ ಆಗದಷ್ಟು ಏದುಸಿರು, ಪಕ್ಕೆಯ ಚರ್ಮ ಒಳಕ್ಕೆ ಸೆಳೆಯುವುದು, ತುಟಿ ನೀಲಿಗಟ್ಟುವುದು ಕಂಡರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯಿರಿ. ವೈದ್ಯರ ಬಳಿ ಹೋದಾಗ ಕೋಣೆಯ ವಿಷಯವನ್ನೂ ಹೇಳಿ: ಗೋಡೆಯಲ್ಲಿ ಬೂಷ್ಟು ಇದೆಯೇ, ರಾತ್ರಿ ಸೊಳ್ಳೆ ಬತ್ತಿ ಉರಿಸುತ್ತೀರಾ, ಮಗು ಯಾವ ಗೋಡೆಯ ಪಕ್ಕ ಮಲಗುತ್ತದೆ. ಸೊಳ್ಳೆ ಬತ್ತಿಯ ಬದಲು ಸೊಳ್ಳೆಪರದೆ ಕಟ್ಟಲು ಇವತ್ತೇ ಶುರು ಮಾಡಬಹುದು. ಬೀರುವನ್ನು ಇವತ್ತೇ ಬೇರೆ ಗೋಡೆಗೆ ಸಾಗಿಸಲು ಆಗದಿದ್ದರೆ, ಸದ್ಯಕ್ಕೆ ನಾಲ್ಕು ಬೆರಳಷ್ಟು ಈಚೆಗೆ ಎಳೆದಿಡಿ, ಹಿಂದೆ ಗಾಳಿಯಾಡಲಿ.